ಪತ್ತೇದಾರ ಪತ್ತೆ ಮಾಡಿದ ಯಜಮಾನ

ನಾನು ಕಾಣೆಯಾದರೆ ನಮ್ಮ ಮನೆಯವರಿಗೆ ಅದು ಗೊತ್ತಾಗಲು ಎಷ್ಟು ಹೊತ್ತು ಬೇಕು? ಫ್ರಿಜ್ ನಿಂತರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ನಲ್ಲಿ ನಿಂತರೆ ಅರ್ಧ ನಿಮಿಷ ಸಾಕು. ಇಂಟರ್‌ನೆಟ್ಟಂತೂ ನಿಲ್ಲುವ ಮೊದಲೇ ಮಗಳು ಚೀರುತ್ತಾಳೆ. ಆದರೆ ಈ ಮನೆಯ ಯಜಮಾನ (ಕಾಗದಪತ್ರಗಳ ಪ್ರಕಾರ ಅದು ನಾನೇ) ಕಾಣೆಯಾದರೆ? ಉತ್ತರ ನನಗೆ ಸ್ವಾನುಭವದಿಂದ ಗೊತ್ತಿದೆ. ಗೊತ್ತೇ ಆಗುವುದಿಲ್ಲ.

ನಾನು ಬೀಗ ರಿಪೇರಿ ಮಾಡುವವನು. ಮಾರುಕಟ್ಟೆಯ ಮೂಲೆಯಲ್ಲಿ, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಅಂಗಡಿ ನನ್ನದು. ಕಳೆದ ವರ್ಷ ಒಂದು ದಿನ ಸೋಫಾ ವ್ಯಾಪಾರಿಯೊಬ್ಬನ ಗೋದಾಮಿನ ಬೀಗ ಸರಿಮಾಡಲು ಹೋಗಿದ್ದೆ. ಕೆಲಸ ಮುಗಿಸಿ, ಒಳಗೆ ನಿಂತು ಬಾಗಿಲು ಎಳೆದುಕೊಂಡು ಪರೀಕ್ಷಿಸಿದೆ. ಬೀಗ ಬಹಳ ಚೆನ್ನಾಗಿ ರಿಪೇರಿಯಾಗಿತ್ತು. ಕೀಲಿ, ಸಾಮಾನಿನ ಚೀಲ, ಫೋನು ಮೂರೂ ಹೊರಗಿದ್ದವು. ವ್ಯಾಪಾರಿ ಸಂಜೆ ಬಂದು ತೆಗೆಯುವವರೆಗೂ, ಬೆಳಗ್ಗೆ ಹತ್ತರಿಂದ ಆರರವರೆಗೆ, ಹೊಸ ಸೋಫಾಗಳ ಮಧ್ಯೆ ನೆಲದ ಮೇಲೆ ಕುಳಿತಿದ್ದೆ. (ಸೋಫಾ ಮೇಲೆ ಕೂರಬಾರದೆಂದು ಬೋರ್ಡು ಹಾಕಿದ್ದರು.) ಮಧ್ಯಾಹ್ನದ ಊಟಕ್ಕೆ ತಪ್ಪದೆ ಮನೆಗೆ ಬರುವವನು ನಾನು. ಇಷ್ಟು ಹೊತ್ತಿಗೆ ಮನೆಯಲ್ಲಿ ಗೋಳಾಟ ಶುರುವಾಗಿರುತ್ತದೆ, ಹೆಂಡತಿ ಬೀದಿಬೀದಿ ಅಲೆಯುತ್ತಿರುತ್ತಾಳೆ ಎಂದುಕೊಂಡು ನನಗೇ ಅಳು ಬಂದಿತ್ತು. ಓಡೋಡಿ ಮನೆಗೆ ಬಂದೆ.

"ಊಟಕ್ಕೆ ಎರಡು ಸಲ ಕೂಗಿದೆ. ಕಿವಿ ಕೇಳ್ಸಲ್ವಾ?" ಎಂದಳು ಹೆಂಡತಿ.

"ನಾನು ಮನೆಯಲ್ಲೇ ಇರಲಿಲ್ಲ ಕಣೇ!"

"ಸುಮ್ನಿರಿ. ತಟ್ಟೆ ಮುಚ್ಚಿಟ್ಟಿದ್ದೆ, ಖಾಲಿಯಾಗಿತ್ತು."

"ಅದು ನಾನು ತಿಂದೆ," ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ. "ಅಪ್ಪಂದು ಆಯ್ತು, ಇದು ಉಳಿದಿರೋದು ಅಂದ್ಕೊಂಡೆ."

ಅಂದರೆ ನಾನಿಲ್ಲದೆ ನನ್ನ ಊಟವೂ ಸುಸೂತ್ರವಾಗಿ ನಡೆದುಹೋಗಿತ್ತು. ಲೆಕ್ಕಕ್ಕುಂಟು ಆಟಕ್ಕಿಲ್ಲ ಎನ್ನುತ್ತಾರೆ. ನಾನು ಲೆಕ್ಕದಲ್ಲೂ ಇರಲಿಲ್ಲ. ಆ ದಿನ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ಒಂದೇ ಯೋಚನೆ ಮಾಡಿದೆ. ನಾನಿಲ್ಲದಾಗ ನನ್ನನ್ನು ಹುಡುಕುವಂಥ ಒಂದು ಜೀವ, ಒಂದೇ ಒಂದು ಜೀವ, ಈ ಮನೆಯಲ್ಲಿ ಇರಬೇಕು.

ಮುಂದಿನ ವಾರವೇ ನಾಯಿ ಸಾಕಿ ಮಾರುವವನೊಬ್ಬ ಗೇಟಿನ ಬೀಗ ಕೆಟ್ಟಿದೆ ಎಂದು ನನ್ನನ್ನು ಕರೆದ. ಬೀಗ ಬಿಚ್ಚುತ್ತಿರುವಾಗ ಒಂದು ಮರಿ ಬಂದು ನನ್ನ ಮೊಣಕಾಲಿಗೆ ಮೂಗು ಒತ್ತಿ ನಿಂತಿತು. ನೆಲ ಗುಡಿಸುವಷ್ಟು ಉದ್ದದ ಕಿವಿ, ಎರಡು ಸೈಜು ದೊಡ್ಡದಾದ ಚರ್ಮ, ಹುಟ್ಟಿದಾಗಿನಿಂದ ಕೆಟ್ಟ ಸುದ್ದಿಯನ್ನೇ ಕೇಳುತ್ತ ಬಂದಂಥ ಮುಖ.

"ಅಸಲಿ ಬೇಟೆನಾಯಿ ಸಾರ್," ಎಂದ ಅವನು. "ಇವನ ತಾತ ಮುತ್ತಾತ ಎಲ್ಲ ಬೇಟೆಯವರೇ. ಕಣ್ಣಿಂದ ನೋಡಿ ಓಡಿಸೋ ಜಾತಿ ಅಲ್ಲ, ಮೂಗಿಂದ ಜಾಡು ಹಿಡಿಯೋ ಜಾತಿ. ಎರಡು ದಿನದ ಹಿಂದೆ ಹೋದ ಮನುಷ್ಯನನ್ನೂ ಹುಡುಕಿ ತೆಗೀತಾನೆ."

ಅವನು ಆಮೇಲೂ ಬಹಳ ಹೊತ್ತು ಮಾತಾಡಿದ. ಜೊಲ್ಲು, ಕಿವಿ ಸೋಂಕು, ದಿನಕ್ಕೆ ಎರಡು ಗಂಟೆ ಓಡಾಟ, ಊಳಿಡುವ ಅಭ್ಯಾಸ ಇತ್ಯಾದಿ ಏನೇನೋ ಹೇಳಿದನಂತೆ. ನನ್ನ ಕಿವಿಗೆ ಬಿದ್ದದ್ದು 'ಹುಡುಕಿ ತೆಗೀತಾನೆ' ಎಂಬುದೊಂದೇ.

ನಾನು ಅವನಿಗೆ 'ಪತ್ತೇದಾರ' ಎಂದು ಗಂಭೀರವಾದ ಹೆಸರಿಟ್ಟೆ. ಹೆಂಡತಿ ಒಮ್ಮೆ ಅವನ ಬಾಯಿ ನೋಡಿ 'ಜೊಲ್ಲಪ್ಪ' ಎಂದಳು. ಪತ್ತೇದಾರ ಎಂದು ಕೂಗಿದರೆ ಅವನು ಇವತ್ತಿಗೂ ತಿರುಗುವುದಿಲ್ಲ. ಜೊಲ್ಲಪ್ಪ ಎಂದರೆ ಮೂರನೇ ಕೋಣೆಯಿಂದ ಕುಣಿದು ಬರುತ್ತಾನೆ. ಯಾರು ಇಟ್ಟ ಹೆಸರು ಈ ಮನೆಯಲ್ಲಿ ನಿಲ್ಲುತ್ತದೆ ಎಂಬುದು ಅವನಿಗೆ ಮೊದಲ ದಿನವೇ ವಾಸನೆ ಹತ್ತಿರಬೇಕು.

ಬೇಟೆನಾಯಿ ಸಾಕುವುದೆಂದರೆ ಕಾಡು, ಕುದುರೆ, ಕಹಳೆ ಎಂದು ನೀವು ಕಲ್ಪಿಸಿಕೊಂಡಿದ್ದರೆ ದಯವಿಟ್ಟು ಬೆಳಗ್ಗೆ ಆರಕ್ಕೆ ನಮ್ಮ ಬಚ್ಚಲಿಗೆ ಬನ್ನಿ. ನಾನು ನೆಲದ ಮೇಲೆ ಕುಳಿತು ಹತ್ತಿ ಸುತ್ತಿದ ಬೆರಳಿನಿಂದ ಅವನ ಕಿವಿ ಒರೆಸುತ್ತಿರುತ್ತೇನೆ. ಆ ಕಿವಿಗಳೊಳಗೆ ಗಾಳಿಯಾಡುವುದಿಲ್ಲ. ಎರಡು ದಿನ ಬಿಟ್ಟರೆ ಹುಳಿ ವಾಸನೆ, ಮೂರನೇ ದಿನ ಪಶುವೈದ್ಯರು. ಊಟಕ್ಕಿಟ್ಟರೆ ಬಾಯಿಗಿಂತ ಮೊದಲು ಕಿವಿಗಳು ಬಟ್ಟಲಿಗೆ ಬೀಳುತ್ತವೆ. ಆದ್ದರಿಂದ ಮಗಳ ಹಳೆಯ ಹೇರ್‌ಬ್ಯಾಂಡಿನಿಂದ ಅವೆರಡನ್ನೂ ತಲೆಯ ಮೇಲೆ ಎತ್ತಿ ಕಟ್ಟಬೇಕು. ಬೇಟೆಗಾರರ ವಂಶದ ಕುಡಿ ಗುಲಾಬಿ ಬಣ್ಣದ ಹೇರ್‌ಬ್ಯಾಂಡ್ ಹಾಕಿಕೊಂಡು ತಿನ್ನುವುದನ್ನು ನೋಡಿದರೆ ಅವನ ಮುತ್ತಾತ ಏನೆನ್ನುತ್ತಿದ್ದನೋ. ತಲೆ ಕೊಡವಿದರೆ ಜೊಲ್ಲು ಫ್ಯಾನಿನವರೆಗೆ ಹಾರುತ್ತದೆ. ಹಗ್ಗ ಬಿಚ್ಚಿದರಂತೂ ಮುಗಿಯಿತು. ಯಾವುದೋ ವಾಸನೆ ಹಿಡಿದು ನೆಲಕ್ಕೆ ಮೂಗು ಇಟ್ಟನೆಂದರೆ ಕಿವಿ ಎಷ್ಟು ಉದ್ದವಿದ್ದೂ ಪ್ರಯೋಜನವಿಲ್ಲ, ಯಾರ ಕೂಗೂ ಕೇಳಿಸದು. ಫ್ರಿಜ್ಜಿನ ಬಾಗಿಲು ತೆಗೆಯುವುದನ್ನು ಎರಡೇ ವಾರದಲ್ಲಿ ಕಲಿತ. ಊರಿನ ಮನೆಗಳಿಗೆಲ್ಲ ಬೀಗ ಹಾಕಿಕೊಡುವ ನಾನು ನಮ್ಮ ಫ್ರಿಜ್ಜಿಗೂ ಒಂದು ಹಾಕಿದೆ. ಕೀಲಿ ಹೆಂಡತಿಯ ಬಳಿ ಇದೆ. (ಅವನೂ ನಾನೂ ಈಗ ಕೇಳಿಯೇ ತಿನ್ನಬೇಕು.)

ಇಷ್ಟನ್ನೂ ಸಹಿಸಿದೆ, ಏಕೆಂದರೆ ಮುಖ್ಯವಾದದ್ದು ತರಬೇತಿ. ಜಾಡು ಹಿಡಿಯುವ ನಾಯಿಗೆ ಮನುಷ್ಯನ ಮೈವಾಸನೆಯಿರುವ ಬಟ್ಟೆ ಮೂಸಿಸಬೇಕು. ಅದು ಆ ವಾಸನೆಯ ಒಡೆಯನನ್ನು ಹುಡುಕಿ, ಎದುರು ಕುಳಿತು, ಕತ್ತೆತ್ತಿ ಊಳಿಡಬೇಕು. ಆಮೇಲೆ ಬಿಸ್ಕತ್ತು. ಸುಲಭವೇ. ಆದರೆ ನಮ್ಮ ಮನೆಯಲ್ಲಿ ನನ್ನ ಮೈವಾಸನೆಯಿರುವ ಬಟ್ಟೆ ಎಲ್ಲಿಂದ ತರುವುದು?

ನನ್ನ ಹೆಂಡತಿಗೆ ಲೋಕದಲ್ಲಿ ಶತ್ರು ಎಂದರೆ ನನ್ನ ಕಸುಬಿನ ವಾಸನೆ. ಹಿತ್ತಾಳೆಯ ಪುಡಿ, ಗ್ರೀಸು, ಮೆಷಿನ್ ಎಣ್ಣೆ. ಇವು ಹೊಸ್ತಿಲು ದಾಟಕೂಡದು. ನಾನು ಅಂಗಡಿಯಿಂದ ಬಂದರೆ ಹಿಂಬಾಗಿಲಿಂದ ನೇರ ಬಚ್ಚಲಿಗೆ. ಬಟ್ಟೆ ನೇರ ಬಿಸಿನೀರಿಗೆ. ಟವಲ್ಲು, ದಿಂಬಿನ ಚೀಲ, ಚಪ್ಪಲಿಯ ಪಟ್ಟಿ ಕೂಡ ಆ ನೀರು ಕಂಡಿವೆ. ನನ್ನ ಕುರ್ಚಿಯನ್ನು ದಿನಕ್ಕೆರಡು ಸಲ ಫಿನಾಯಿಲಿನಲ್ಲಿ ಒರೆಸುತ್ತಾಳೆ. ಕೊನೆಗೆ ಅಂಗಡಿಯಲ್ಲಿ ಕೈ ಒರೆಸುವ ಎಣ್ಣೆಬಟ್ಟೆಯೊಂದನ್ನು ಕದ್ದು ತಂದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಚ್ಚಲ ಹಿಂದಿನ ಮೊಳೆಗೆ ನೇತುಹಾಕಿದೆ. ಇಡೀ ಮನೆಯಲ್ಲಿ ನನ್ನದು ಎನ್ನುವ ವಾಸನೆಯಿದ್ದದ್ದು ಅದೊಂದರಲ್ಲೇ.

ಎಂಟು ತಿಂಗಳು ತರಬೇತಿ ನಡೆಯಿತು. ನಾನು ಅಡಗಿಕೊಳ್ಳುವುದು, ಮಗಳು ಬಟ್ಟೆ ಮೂಸಿಸಿ ಹಗ್ಗ ಹಿಡಿದು ಬರುವುದು. ಮಂಚದಡಿ, ತಾರಸಿಯ ಟ್ಯಾಂಕಿನ ಹಿಂದೆ, ಪಕ್ಕದ ಬೀದಿಯ ಗ್ಯಾರೇಜಿನಲ್ಲಿ. ಪತ್ತೇದಾರ ಎಲ್ಲ ಕಡೆಯೂ ಪತ್ತೆ ಮಾಡಿದ. ಒಂದು ದಿನ ಮಾತ್ರ ನಾನು ಗ್ಯಾರೇಜಿನ ಹಳೇ ಟೈರುಗಳ ನಡುವೆ ಒಂದೂವರೆ ಗಂಟೆ ಕುಕ್ಕರಗಾಲಲ್ಲಿ ಕುಳಿತಿದ್ದೆ, ಯಾರೂ ಬರಲಿಲ್ಲ. ನಾಯಿಯ ತಪ್ಪಲ್ಲ. ಮಗಳಿಗೆ ಗೆಳತಿಯ ಫೋನು ಬಂದು, ಹುಡುಕುತ್ತಿದ್ದೇನೆ ಎಂಬುದೇ ಮರೆತುಹೋಗಿತ್ತಂತೆ.

ಈಗ ಭಾವನ ಬಗ್ಗೆ ಹೇಳಬೇಕು. ಹೆಂಡತಿಯ ಅಣ್ಣ. ನಾಲ್ಕು ಬೀದಿ ಆಚೆ ಡ್ರೈವಿಂಗ್ ಸ್ಕೂಲು ನಡೆಸುತ್ತಾರೆ, ಮನೆಯೂ ಅಲ್ಲೇ. ಇಪ್ಪತ್ತು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕುಳಿತು ಕುಳಿತು, ಲೋಕದಲ್ಲಿ ಯಾರೇ ಏನೇ ಮಾಡಿದರೂ ಅವರ ಕಾಲು ತಾನಾಗಿ ಬ್ರೇಕು ಒತ್ತುತ್ತದೆ. ನಾಯಿಗಿಂತ ಎಷ್ಟೋ ಮೊದಲೇ ನಮ್ಮ ಮನೆಯಲ್ಲಿ ಮೂಗು ತೂರಿಸಿದವರು ಅವರು. ಪ್ರತಿ ಭಾನುವಾರ ಬೆಳಗ್ಗೆ ಬರುತ್ತಾರೆ, ತಮ್ಮ ಕೋಟನ್ನು ನನ್ನ ಗೂಟಕ್ಕೆ ನೇತುಹಾಕುತ್ತಾರೆ, ನನ್ನ ಕುರ್ಚಿಯಲ್ಲಿ ಕೂರುತ್ತಾರೆ, ಜೇಬಿನಿಂದ ಬಿಸ್ಕತ್ತು ತೆಗೆದು ನನ್ನ ನಾಯಿಗೆ ಹಾಕುತ್ತಾರೆ. ಆ ಕೋಟು ಸೋಪು ಕಂಡು ಎಷ್ಟು ಕಾಲವಾಯಿತೋ. ಸೆಂಟು, ಪೆಟ್ರೋಲು, ಬೆವರು, ಬಿಸ್ಕತ್ತಿನ ಪುಡಿ ಎಲ್ಲವೂ ಅದರಲ್ಲಿವೆ. ಹೆಂಡತಿ ಅದಕ್ಕೆ ಏನೂ ಅನ್ನುವುದಿಲ್ಲ. ಅಣ್ಣನ ವಾಸನೆ ವಾಸನೆಯಲ್ಲ.

ಆ ಭಾನುವಾರವೂ ಬಂದರು. "ಏನಪ್ಪಾ ಬೀಗದಪ್ಪಾ, ನಾಯಿ ನಿನ್ನ ಮಾತು ಕೇಳುತ್ತಾ? ಸ್ಟೀರಿಂಗು ಯಾರ ಕೈಲಿದೆ ಮನೇಲಿ?" ಎಂದು ಗಹಗಹಿಸಿದರು. ಹೆಂಡತಿಯೂ ನಕ್ಕಳು, ಮಗಳೂ ನಕ್ಕಳು. ನಾಯಿ ಅವರ ಪಾದದ ಮೇಲೆ ಗಲ್ಲವಿಟ್ಟು ಮಲಗಿತ್ತು. ಹೊತ್ತು ಏರಿ ಸೆಕೆಯಾಯಿತೆಂದು ಕೋಟನ್ನು ಗೂಟದಲ್ಲೇ ಬಿಟ್ಟು ಹೋದರು. ಅವರು ಹೋದ ಮೇಲೆ ತರಬೇತಿಗೆಂದು ಬಚ್ಚಲ ಹಿಂದೆ ನೋಡಿದೆ. ಮೊಳೆ ಇತ್ತು, ಚೀಲ ಇರಲಿಲ್ಲ.

"ನನ್ನ ಎಣ್ಣೆಬಟ್ಟೆ ಎಲ್ಲೇ?"

"ಎಸೆದೆ."

"ಎಸೆದ್ಯಾ! ಎಂಟು ತಿಂಗಳ ತರಬೇತಿ ಇತ್ತಲ್ಲೇ ಅದರಲ್ಲಿ!"

"ಎಂಟು ತಿಂಗಳ ಕೊಳೆ ಇತ್ತು. ಕಸದ ಗಾಡಿಯವನೂ ಮೂಗು ಮುಚ್ಕೊಂಡ."

"ನಾಳೆ ನಾನು ಕಳೆದುಹೋದ್ರೆ ನಾಯಿಗೆ ಏನು ಮೂಸಿಸ್ತೀಯ?"

"ನೀವು ಎಲ್ಲಿಗೆ ಹೋಗ್ತೀರಿ?"

ಈ ಪ್ರಶ್ನೆಯಲ್ಲಿ ಪ್ರೀತಿ ಇದ್ದಿರಬಹುದೆಂದು ನೀವು ಭಾವಿಸಬಹುದು. ಅವಳ ಧ್ವನಿ ಕೇಳಿದ್ದರೆ ಭಾವಿಸುತ್ತಿರಲಿಲ್ಲ.

"ಹೋದ್ರೆ ಅಂತ ಕೇಳ್ತಿದೀನಿ."

"ಹೋದ್ರೆ ಬರ್ತಾ ಸೋಪಿನ ಪುಡಿ ತನ್ನಿ. ಮುಗಿದಿದೆ."

ಅಲ್ಲಿಗೆ ನನ್ನ ಎದೆಯಲ್ಲಿ ಏನೋ ಕಡಿದುಹೋಯಿತು. ಒಂದು ಚೀಟಿಯಲ್ಲಿ, 'ನಾನು ಹೋಗುತ್ತಿದ್ದೇನೆ. ನನ್ನನ್ನು ಹುಡುಕಬೇಡಿ' ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. (ಹುಡುಕಬೇಡಿ ಎಂದರೆ ಹುಡುಕಿ ಎಂದು ಅರ್ಥ. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಫೋನನ್ನು ಬೇಕೆಂದೇ ಫ್ರಿಜ್ಜಿನ ಮೇಲಿಟ್ಟೆ. ಮಧ್ಯಾಹ್ನ ಒಂದು ಗಂಟೆಗೆ, ಊಟವನ್ನೂ ಮಾಡದೆ, ಗೃಹತ್ಯಾಗ ಮಾಡಿದೆ.

ನಾಯಿಗೆ ತೊಂದರೆಯಾಗಬಾರದಲ್ಲ. ದಾರಿಯುದ್ದಕ್ಕೂ ಕಂಬ ಕಂಡಲ್ಲಿ ಕೈ ಸವರಿದೆ, ಕಾಂಪೌಂಡಿಗೆ ಬೆನ್ನು ಉಜ್ಜಿದೆ, ಕಾಲೆಳೆದು ನಡೆದೆ. ಸ್ಕೂಟರಿನವನೊಬ್ಬ ನಿಲ್ಲಿಸಿ, "ತುರಿಕೆನಾ ಸಾರ್?" ಎಂದು ವಿಚಾರಿಸಿದ. ಕೊನೆಗೆ ಗ್ರಂಥಾಲಯದ ಹಿಂದಿನ ಪಾರ್ಕಿನಲ್ಲಿ, ಮೂಲೆಯ ಕಲ್ಲುಬೆಂಚಿನ ಮೇಲೆ ಕುಳಿತೆ. ದೂರದಿಂದ ಬರುವವರಿಗೆ ನನ್ನ ಪಕ್ಕದ ಮುಖ ಕಾಣುವಂತೆ, ಸ್ವಲ್ಪ ಬಾಗಿ, ದುಃಖದಿಂದ ಕುಳಿತೆ. ಹೇಳಬೇಕಾದ ಮಾತನ್ನೂ ಸಿದ್ಧ ಮಾಡಿಕೊಂಡೆ. ಅವಳು ಅಳುತ್ತ ಓಡಿಬರುತ್ತಾಳೆ. ನಾನು, "ಯಾಕೆ ಬಂದೆ? ನನ್ನಂಥವನು ಇದ್ದರೆಷ್ಟು, ಬಿಟ್ಟರೆಷ್ಟು?" ಎನ್ನುತ್ತೇನೆ. ಅವಳು ಬಾಯಿ ಮುಚ್ಚಿಸುತ್ತಾಳೆ. ನಾಯಿ ಊಳಿಡುತ್ತದೆ.

ಎರಡು ಗಂಟೆಯಾಯಿತು. ಮೂರಾಯಿತು. ಒಂದೇ ಭಂಗಿಯಲ್ಲಿ ದುಃಖಪಟ್ಟು ಕುತ್ತಿಗೆ ಹಿಡಿದುಕೊಂಡಿತು. ಪಾರ್ಕಿನ ಕಾವಲುಗಾರ ಗುಡಿಸುತ್ತ ಗುಡಿಸುತ್ತ ನನ್ನ ಕಾಲ ಬಳಿ ಬಂದ.

"ಯಾರಿಗಾದ್ರೂ ಕಾಯ್ತಿದೀರಾ ಸಾರ್?"

"ನಾಯಿಗೆ."

"ಅಯ್ಯೋ ಪಾಪ. ನಾಯಿ ಕಳೆದುಹೋಯ್ತಾ?"

"ಇಲ್ಲ. ಕಳೆದುಹೋಗಿರೋದು ನಾನು."

ಅವನು ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, "ಸ್ವಲ್ಪ ಕಾಲೆತ್ತಿ ಸಾರ್," ಎಂದು ಕೆಳಗೆ ಗುಡಿಸಿಕೊಂಡು ಹೋದ.

ನಾಲ್ಕೂವರೆಗೆ ಹೊಟ್ಟೆ ನನ್ನ ಸ್ವಾಭಿಮಾನವನ್ನು ಸೋಲಿಸಿತು. ಎದ್ದು ಮನೆಗೆ ನಡೆದೆ. ಬಾಗಿಲಿಗೆ ಬೀಗ. ಅದೂ ನನ್ನ ಅಂಗಡಿಯ ಅತ್ಯುತ್ತಮ ಬೀಗ, ನಾನೇ ಹಾಕಿದ್ದು. ಮೇಲ್ಮನೆಯ ನಿವೃತ್ತ ಟೀಚರು ಕಿಟಕಿಯಿಂದ ಇಣುಕಿ, "ಅಲ್ರೀ, ನೀವು ಇಲ್ಲೇ ಇದೀರಲ್ಲ! ನಿಮ್ಮನ್ನ ಹುಡುಕ್ತೀವಿ ಅಂತ ಆಗಲೇ ಇಬ್ಬರೂ ನಾಯಿ ಹಿಡ್ಕೊಂಡು ಓಡಿದ್ರು," ಎಂದರು.

ಹುಡುಕುತ್ತೇವೆ ಅಂತ! ಓಡಿದರು! ಬರಿಹೊಟ್ಟೆಯಲ್ಲಿದ್ದವನಿಗೆ ಹಬ್ಬದೂಟ ಬಡಿಸಿದಂತಾಯಿತು. ಸುಳ್ಳು ಹೇಳುವುದಿಲ್ಲ, ಕಣ್ಣು ಒದ್ದೆಯಾಯಿತು. ಪಾಪ, ಈ ಬಿಸಿಲಲ್ಲಿ ಎಲ್ಲಿ ಅಲೆಯುತ್ತಿದ್ದಾರೋ ಎಂದು ನನ್ನನ್ನೇ ಬೈದುಕೊಂಡೆ.

"ಯಾವ ಕಡೆ ಹೋದ್ರು ಟೀಚರೇ?"

"ಡ್ರೈವಿಂಗ್ ಸ್ಕೂಲಿನ ಕಡೆ. ನಾಯಿ ಒಂದೇ ಸಮ ಎಳೀತಿತ್ತು. ಎಂಥ ಜಾಣ ನಾಯಿ ರೀ!"

ನಾನು ಆ ದಿಕ್ಕಿಗೆ ಹೋಗಿಯೇ ಇರಲಿಲ್ಲ. ಕಣ್ಣಿನ ಒದ್ದೆ ಅಲ್ಲಿಯೇ ಒಣಗಿತು.

ಭಾವನ ಮನೆಯ ನಗು ಬೀದಿಗೇ ಕೇಳುತ್ತಿತ್ತು. ಒಳಗೆ ಹೋದೆ. ಹೆಂಡತಿ, ಮಗಳು, ಭಾವ ಮೂವರೂ ಚಹಾ ಕುಡಿಯುತ್ತಿದ್ದರು. ಭಾವನ ಪಾದದ ಮೇಲೆ ಪತ್ತೇದಾರ ಗಲ್ಲವಿಟ್ಟು ಮಲಗಿದ್ದ. ನನ್ನನ್ನು ನೋಡಿ ಬಾಲವನ್ನು ಒಂದು ಸಲ, ಒಂದೇ ಸಲ, ನೆಲಕ್ಕೆ ಬಡಿದ.

"ಬಂದ್ರಾ? ಸೋಪಿನ ಪುಡಿ?" ಎಂದಳು ಹೆಂಡತಿ.

"ನಾನು ಕಳೆದುಹೋಗಿದ್ದೆ!"

"ಗೊತ್ತು ಅಪ್ಪ, ಚೀಟಿ ನೋಡಿದ್ವಿ," ಎಂದಳು ಮಗಳು. "ಎರಡು ಗಂಟೆಗೆ ಐಸ್‌ಕ್ರೀಮಿಗೆ ಅಂತ ಫ್ರಿಜ್ ಹತ್ರ ಹೋದಾಗ ನೋಡಿದ್ದು. ಅಮ್ಮ ನಿಜವಾಗ್ಲೂ ಗಾಬರಿಯಾದಳು ಗೊತ್ತಾ? ನಾಯಿಗೆ ಮೂಸಿಸೋಣ ಅಂತ ಇಡೀ ಮನೆ ಜಾಲಾಡಿದ್ವಿ. ನಿನ್ನ ವಾಸನೆ ಇರೋದು ಒಂದೂ ಸಿಗ್ಲಿಲ್ಲ. ಎಲ್ಲಾ ಒಗೆದಿತ್ತು. ಕೊನೆಗೆ ನಿನ್ನ ಗೂಟದಲ್ಲಿ ಒಂದು ಕೋಟು ಸಿಕ್ತು. ನಿನ್ನದೇ ಅಂದ್ಕೊಂಡು ಮೂಸಿಸಿದೆ."

"ಹತ್ತೇ ನಿಮಿಷಕ್ಕೆ ನನ್ನ ಮುಂದೆ ಬಂದು ಕೂತು ಊಳಿಟ್ಟ ನೋಡು!" ಎಂದರು ಭಾವ. "ಭಲೇ ನಾಯಿ ಸಾಕಿದೀಯಪ್ಪಾ ಬೀಗದಪ್ಪಾ. ಗಾಡಿ ಅಂದ್ರೆ ಹಿಂಗಿರಬೇಕು. ಒಂದು ಗೇರು ತಪ್ಪಲಿಲ್ಲ."

"ಸರಿ. ಸಿಕ್ಕಿದ್ದು ಭಾವ ಅಂತ ಗೊತ್ತಾಯ್ತಲ್ಲ, ಆಮೇಲೆ ನನ್ನನ್ನ ಹುಡುಕಲಿಲ್ವಾ?"

ಹೆಂಡತಿ ಚಹಾದ ಲೋಟದೊಳಗೆ ನೋಡಿದಳು.

"ಹುಡುಕಬೇಡಿ ಅಂತ ನೀನೇ ಬರೆದಿದ್ದೆಯಲ್ಲ ಅಪ್ಪ," ಎಂದಳು ಮಗಳು.

"ಎಲ್ಲಿ ಹೋಗ್ತೀರಿ, ಅಂಗಡೀಲಿ ಇರ್ತೀರಿ ಅಂದ್ಕೊಂಡೆ," ಎಂದಳು ಹೆಂಡತಿ. ತಕ್ಷಣ ಅವಳ ಮುಖ ಬೆಳಗಿತು. "ರೀ, ಒಳ್ಳೇ ಹೊತ್ತಿಗೆ ಬಂದ್ರಿ! ಅಣ್ಣನ ಬೀರು ಬೀಗ ಕಚ್ಚಿಕೊಂಡುಬಿಟ್ಟಿದೆ. ಮಧ್ಯಾಹ್ನದಿಂದ ಒದ್ದಾಡ್ತಿದಾನೆ. ಸ್ವಲ್ಪ ನೋಡಿ."

ನೀವು ನನ್ನ ಜಾಗದಲ್ಲಿ ಇದ್ದರೆ ಏನು ಮಾಡುತ್ತಿದ್ದಿರಿ? ಲೋಟ ಎಸೆಯುತ್ತಿದ್ದಿರಿ, ಬಾಗಿಲು ಬಡಿದುಕೊಂಡು ಹೊರಗೆ ಹೋಗುತ್ತಿದ್ದಿರಿ. ನಾನು ಅದನ್ನು ಮಧ್ಯಾಹ್ನವೇ ಮಾಡಿ ನೋಡಿದ್ದೆ. ಆದ್ದರಿಂದ ಬೀರುವಿನ ಮುಂದೆ ಮಂಡಿಯೂರಿದೆ. ಭಾವನ ಕಾರು ನಿಲ್ಲಿಸುವ ಶೆಡ್ಡಿನಿಂದ ಮೆಷಿನ್ ಎಣ್ಣೆ ತರಿಸಿದೆ, ಒಂದು ತಂತಿ ಬಗ್ಗಿಸಿದೆ. ಹತ್ತು ನಿಮಿಷದಲ್ಲಿ ಬೀಗ ಬಿಟ್ಟುಕೊಂಡಿತು. ಜನ ಮಾತ್ರ ನನ್ನ ಕೈಯಲ್ಲಿ ಯಾವತ್ತೂ ತೆರೆದುಕೊಂಡಿಲ್ಲ. ಒಂದು ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡೆ.

ಆಗ ಪತ್ತೇದಾರ ತಲೆಯೆತ್ತಿದ.

ಎದ್ದು ಬಂದ. ನನ್ನ ಕೈಯ ಎಣ್ಣೆಬಟ್ಟೆಗೆ ಮೂಗಿಟ್ಟು ದೀರ್ಘವಾಗಿ ಉಸಿರೆಳೆದ. ಎಂಟು ತಿಂಗಳ ಪಾಠ ಅವನ ಹಣೆಯ ನೆರಿಗೆಗಳಲ್ಲೆಲ್ಲ ಎದ್ದು ಕಂಡಿತು. ಮೂಗು ನೆಲಕ್ಕೆ ಇಳಿಯಿತು. ಒಂದು ಸಲ ಕೋಣೆ ಸುತ್ತಿದ, ಬಾಗಿಲಿಗೆ ಓಡಿದ. ನಾನು ಹಗ್ಗ ಹಿಡಿದುಕೊಳ್ಳದಿದ್ದರೆ ಬೀದಿಪಾಲಾಗುತ್ತಿದ್ದ, ಹಿಡಿದುಕೊಂಡದ್ದರಿಂದ ನಾನಾದೆ.

"ಹಾಗೇ ಒಂದು ಸುತ್ತು ಹಾಕಿಸ್ಕೊಂಡು ಬನ್ನಿ," ಎಂದಳು ಹೆಂಡತಿ ಒಳಗಿನಿಂದ.

ನಾನು ಬಂದ ದಾರಿಯಲ್ಲೇ ಅವನು ಎಳೆದುಕೊಂಡು ಹೋದ. ನಮ್ಮ ಮನೆಯ ಬೀಗದ ಮುಂದೆ ಒಂದು ಕ್ಷಣ ಮೂಸಿದ, ಅಲ್ಲಿಲ್ಲ ಎಂದು ನಿರ್ಧರಿಸಿದ. ನಾನು ಕೈ ಸವರಿದ ಪ್ರತಿ ಕಂಬ, ಬೆನ್ನು ಉಜ್ಜಿದ ಪ್ರತಿ ಕಾಂಪೌಂಡು, ಒಂದನ್ನೂ ಬಿಡಲಿಲ್ಲ. ನಾನು ಎರಡು ಸಲ, "ಲೋ, ನಾನು ಇಲ್ಲೇ ಇದೀನಿ ಕಣೋ, ಹಿಂದೆ ತಿರುಗಿ ನೋಡೋ," ಎಂದೆ. ಜಾಡು ಹಿಡಿದ ಬೇಟೆನಾಯಿಗೆ ಕಿವಿ ಕೇಳುವುದಿಲ್ಲ ಎಂದು ಆಗಲೇ ಹೇಳಿದ್ದೇನೆ. ಸಂಜೆ ಮಬ್ಬಾಗುವ ಹೊತ್ತಿಗೆ ಗ್ರಂಥಾಲಯ ದಾಟಿ, ಪಾರ್ಕು ಹೊಕ್ಕು, ಮೂಲೆಯ ಕಲ್ಲುಬೆಂಚಿನ ಎದುರು ಕುಳಿತ. ಖಾಲಿ ಬೆಂಚನ್ನು ನೋಡುತ್ತ, ಕತ್ತೆತ್ತಿ, ಇಡೀ ಪಾರ್ಕು ನಡುಗುವಂತೆ ಊಳಿಟ್ಟ.

ಕಾವಲುಗಾರ ಪೊರಕೆ ಹಿಡಿದು ಓಡಿಬಂದ. ನನ್ನ ಗುರುತು ಹತ್ತಿ ಅವನ ಮುಖ ಅರಳಿತು.

"ಓ ಸಾರ್! ಅಂತೂ ನಿಮ್ಮನ್ನ ಹುಡುಕ್ಕೊಂಡು ಬಂದ್ರಲ್ಲ! ಎಲ್ಲಿ, ಮನೆಯವರು ಯಾರು ಬಂದಿದಾರೆ?"

ನಾನು ಹಗ್ಗದ ಈಚೆ ತುದಿಯನ್ನು ನೋಡಿದೆ. ಅದನ್ನು ಹಿಡಿದುಕೊಂಡು ಬಂದಿದ್ದವನು ನಾನೊಬ್ಬನೇ.

"ಬಂದಿದಾರೆ," ಎಂದೆ.

ಪತ್ತೇದಾರ ಊಳಿಡುವುದನ್ನು ನಿಲ್ಲಿಸಿ, ಪತ್ತೆ ಮಾಡಿದ್ದಕ್ಕೆ ಬಿಸ್ಕತ್ತು ಕೊಡೆಂದು ನನ್ನ ಜೇಬಿಗೆ ಮೂಗು ತೂರಿಸಿದ. ಜೇಬು ಖಾಲಿಯಿತ್ತು. ಅವನು ನನ್ನ ಮುಖವನ್ನು ಒಮ್ಮೆ ನೋಡಿ, ಭಾವನ ಮನೆಯ ಕಡೆಗೆ ತಿರುಗಿ ಎಳೆಯತೊಡಗಿದ. ನಾನೂ ಹಿಂದೆ ಹೋದೆ. ದಾರಿಯಲ್ಲಿ ಸೋಪಿನ ಪುಡಿ ಕೊಂಡೆ.